ಊರಿನಿಂದ ಬೀರುವಿಗೆ

ಹೆಸರು ಬಂದಂತೆಲ್ಲ ಕಲಾವಿದರ ಸೆಟ್ಟು ದೊಡ್ಡದಾಗುವುದು ಲೋಕರೂಢಿ. ಬ್ರಿಟಿಷ್ ಟೀವಿಯ ರೀಸ್ ಶಿಯರ್‌ಸ್ಮಿತ್ ಮಾತ್ರ ಊರು ಬಿಟ್ಟು ಬೀರು ಸೇರಿಕೊಂಡರು. ನನಗೆ ಅವರು ಇಷ್ಟವಾಗುವುದು ಅದಕ್ಕೇ.

ಅವರು ಹಲ್ ಪಟ್ಟಣದವರು. ಬ್ರೆಟನ್ ಹಾಲ್ ಕಾಲೇಜಿನಲ್ಲಿ ನಾಟಕ ಕಲಿಯುವಾಗ ಸ್ಟೀವ್ ಪೆಂಬರ್ಟನ್, ಮಾರ್ಕ್ ಗ್ಯಾಟಿಸ್ ಜೊತೆಯಾದರು. ಬರವಣಿಗೆಗೆ ಜೆರೆಮಿ ಡೈಸನ್ ಸೇರಿಕೊಂಡರು. 1997ರಲ್ಲಿ ಎಡಿನ್‌ಬರೋದಲ್ಲಿ ಹಾಸ್ಯಕ್ಕೆ ಕೊಡುವ ಪೆರಿಯರ್ ಪ್ರಶಸ್ತಿ, 1999ರಲ್ಲಿ ಬಿಬಿಸಿ ಟೂ. 'ದಿ ಲೀಗ್ ಆಫ್ ಜೆಂಟಲ್‌ಮೆನ್' ಸರಣಿಗೆ ಅವರು ರಾಯ್‌ಸ್ಟನ್ ವೇಸಿ ಎಂಬ ಊರನ್ನೇ ಕಟ್ಟಿದರು. ಗಂಡಸು, ಹೆಂಗಸು, ಪಾದ್ರಿ ಎಲ್ಲ ಹೆಚ್ಚುಕಡಿಮೆ ಡೈಸನ್ ಬಿಟ್ಟು ಉಳಿದ ಮೂವರೇ. ಊರಾಚೆ ಒಂದು ಅಂಗಡಿ. ಗಂಡ ಶಿಯರ್‌ಸ್ಮಿತ್, ಹೆಂಡತಿ ಪೆಂಬರ್ಟನ್. ಪರವೂರಿನವರು ಕಾಲಿಟ್ಟರೆ ಇಬ್ಬರಿಗೂ ಮೈಯೆಲ್ಲ ಉರಿ. ಕಾಲಿಟ್ಟವರು ಹಿಂದಿರುಗುವುದು ಕಷ್ಟ. ಹೊಸಬರನ್ನು ಕಂಡರಾಗದ ಅಂಗಡಿಯವರನ್ನು ನಾವೂ ನೋಡಿದ್ದೇವೆ. ಕೊಲ್ಲುವವರೆಗೆ ಹೋಗಿಲ್ಲ, ಅಷ್ಟೆ.

ನಡುವೆ 'ಸೈಕೋವಿಲ್' ಎಂಬ ಸರಣಿ ಬಂತು. 2014ರಲ್ಲಿ ಶಿಯರ್‌ಸ್ಮಿತ್, ಪೆಂಬರ್ಟನ್ ಇಬ್ಬರೇ 'ಇನ್‌ಸೈಡ್ ನಂ. 9' ಶುರುಮಾಡಿದರು. ಪ್ರತಿ ಕಂತಿಗೂ ಹೊಸ ಕಥೆ, ಅರ್ಧ ಗಂಟೆ, ಬಹುಮಟ್ಟಿಗೆ ಒಂದೇ ಜಾಗ. ಮೊದಲ ಕಂತಿನ ಜಾಗವಂತೂ ಬಟ್ಟೆಯ ಬೀರು! ನಿಶ್ಚಿತಾರ್ಥದ ಪಾರ್ಟಿಗೆ ಬಂದವರು ಆಟವಾಡುತ್ತಿದ್ದಾರೆ: ಒಬ್ಬರು ಅಡಗಬೇಕು, ಕಂಡುಹಿಡಿದವರು ಸದ್ದಿಲ್ಲದೆ ಅವರ ಪಕ್ಕದಲ್ಲೇ ತೂರಿಕೊಳ್ಳಬೇಕು. ಒಬ್ಬೊಬ್ಬರಾಗಿ ಬೀರು ತುಂಬುತ್ತದೆ. ಮೊಣಕೈ ತಾಗಿದರೂ, ಬೆವರು ನಾರಿದರೂ ಇಂಗ್ಲಿಷರ ಸೌಜನ್ಯ ಬಿಡುವುದಿಲ್ಲ. ನಗು ಹುಟ್ಟುವುದು ಅಲ್ಲೇ. ಆದರೆ ಆ ಮನೆಯವರು ವರ್ಷಗಟ್ಟಲೆ ಮುಚ್ಚಿಟ್ಟ ಪಾಪಕ್ಕೆ ಅಷ್ಟು ಇಕ್ಕಟ್ಟಿನಲ್ಲಿ ಅಡಗಲು ಜಾಗವೇ ಉಳಿಯುವುದಿಲ್ಲ. ಮರುಕಂತಿನಲ್ಲಿ ಮನೆಯವರಿರುವಾಗಲೇ ಚಿತ್ರ ಕದಿಯಲು ನುಗ್ಗಿದ ಇಬ್ಬರು ಕಳ್ಳರು. ಈ ಸಲ ಮಾತೂ ಹೆಚ್ಚುಕಡಿಮೆ ಇಲ್ಲ.

2018ರ ಹ್ಯಾಲೋವೀನ್ ಕಂತು ನೇರಪ್ರಸಾರ. ಶುರುವಾಗಿ ಸ್ವಲ್ಪ ಹೊತ್ತಿಗೆ ಧ್ವನಿ ಕೈಕೊಟ್ಟಿತು. ಕ್ಷಮೆ ಕೇಳಿ ಹಳೆಯ ಕಂತೊಂದನ್ನು ಹಾಕಿದರು. ಕೆಲವರು ಬೇರೆ ಚಾನೆಲ್‌ಗೆ ಹೋದರು. ಕೆಟ್ಟದ್ದೇ ಕಥೆ ಎಂದು ಗೊತ್ತಾದದ್ದು ಕಾದು ಕೂತವರಿಗೆ. ಬೀರುವೂ ಬೇಡವಾಗಿ, ನೋಡುವವರ ನಡುಮನೆಯೇ ಸೆಟ್ಟಾಗಿತ್ತು.

2023ರಲ್ಲಿ ಆ ಸೆಟ್ಟೂ ಹೋಯಿತು. ಬಸ್ಸಿನೊಳಗಿನ ಕಥೆಯೊಂದು ಬರುತ್ತದೆಂದು ಫೋಟೊ ಸಮೇತ ಪ್ರಚಾರ ಮಾಡಿದರು. ಹೊತ್ತಿಗೆ ಸರಿಯಾಗಿ ಟೀವಿಯಲ್ಲಿ ಬಂದದ್ದು ಲೀ ಮ್ಯಾಕ್ ನಡೆಸುವ ರಸಪ್ರಶ್ನೆ ಕಾರ್ಯಕ್ರಮ. ಬಸ್ಸಿನ ಕಂತನ್ನು ಅವರು ತೆಗೆದೇ ಇರಲಿಲ್ಲ. ರಸಪ್ರಶ್ನೆಯೇ ಆ ವಾರದ ಕಂತು. ಸ್ಪರ್ಧೆಗೆ ಬಂದ ಕುಟುಂಬವೊಂದರ ಗುಟ್ಟು ಪ್ರಶ್ನೆಗಳ ನಡುವೆ ಹೊರಬರುವ ಹೊತ್ತಿಗೆ, ಬಸ್ಸು ಬರಲಿಲ್ಲವೆಂದು ಸಿಟ್ಟಾದವರು ಟೀವಿ ಆರಿಸಿಬಿಟ್ಟಿದ್ದರೆ ತಪ್ಪು ಯಾರದು?