ಡಾಲ್ಫಿನ್ ಕಾರಿನ ಬಿರುಕುಗಳು

ಗಾಜನ್ನು ಕರಗಿಸಿ ಎಳೆದರೆ ನೂಲಾಗುತ್ತದೆ. ಆ ನೂಲಿನ ತುಣುಕುಗಳನ್ನು ಚಾಪೆಯಂತೆ ಹರಡಿ ದ್ರವರೂಪದ ರಾಳವನ್ನು ಉಣಿಸಿದರೆ, ಕೆಲವು ಗಳಿಗೆಗಳಲ್ಲಿ ಹಗುರವೂ ಗಟ್ಟಿಯೂ ಆದ ಹಲಗೆಯೊಂದು ಸಿದ್ಧವಾಗುತ್ತದೆ. ತುಕ್ಕು ಅದರ ಹತ್ತಿರ ಸುಳಿಯದು. ದೋಣಿ, ನೀರಿನ ತೊಟ್ಟಿ, ಶಿರಸ್ತ್ರಾಣಗಳು ಈ ವಸ್ತುವಿನಿಂದ ಆಗುವುದನ್ನು ವಿದ್ಯಾರ್ಥಿಗಳು ಕಂಡೇ ಇರುತ್ತಾರೆ. ಆದರೆ ಇದರಿಂದಲೇ ಕರ್ನಾಟಕದಲ್ಲಿ ಕಾರುಗಳು ತಯಾರಾಗುತ್ತಿದ್ದವೆಂಬ ಸಂಗತಿ ಇಂದಿನ ತರುಣರಲ್ಲಿ ಬಹುಮಂದಿಗೆ ತಿಳಿದಿರಲಾರದು.

ಅಮೆರಿಕದ ಷೆವ್ರೊಲೆ ಸಂಸ್ಥೆಯು 1953ರಲ್ಲಿಯೇ ತನ್ನ ಕಾರ್ವೆಟ್ ಕಾರಿಗೆ ಗಾಜುನಾರಿನ ಮೈಯನ್ನು ತೊಡಿಸಿತ್ತು. ಬೆಂಗಳೂರಿನ ಸಿಪಾನಿಯವರು ಮೊದಲು ‘ಬಾದಲ್’ ಎಂಬ ಮೂರು ಗಾಲಿಯ ವಾಹನವನ್ನೂ, 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ರಿಲಯಂಟ್ ಸಂಸ್ಥೆಯ ‘ಕಿಟನ್’ ಮಾದರಿಯನ್ನು ಆಧರಿಸಿ ‘ಡಾಲ್ಫಿನ್’ ಎಂಬ ಕಾರನ್ನೂ ತಂದರು. ಎರಡು ಬಾಗಿಲು, 848 ಸಿ.ಸಿ. ಎಂಜಿನು, ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಫೈಬರ್ ಮೈ. ತಗಡನ್ನು ಒತ್ತುವ ಭಾರೀ ಯಂತ್ರಗಳ ಹಂಗಿಲ್ಲದ ಕಾರಣ ಅಲ್ಪ ಬಂಡವಾಳದವರೂ ಇಂತಹ ಸಾಹಸಕ್ಕೆ ಇಳಿಯಬಹುದಾಗಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಜನರ ಒಲವು ಉಕ್ಕಿನ ಕಾರಿನ ಕಡೆಗೆ ಹರಿಯಿತು. ಡಾಲ್ಫಿನ್ ನಿಂತುಹೋಗಿ ದಶಕಗಳೇ ಸಂದಿವೆ. ಉಳಿದಿರುವ ಕೆಲವನ್ನು ಸಾಕಿಕೊಂಡವರು ಅವುಗಳ ಮೇಲೆ ಮನೆಯ ಹಸುವಿನಷ್ಟೇ ಮಮತೆಯುಳ್ಳವರು.

ಹಳಿಯಾಳ ತಾಲೂಕಿನ ಸಾಂಬ್ರಾಣಿಯಲ್ಲಿ ನಿವೃತ್ತ ಮಾಸ್ತರರೊಬ್ಬರ ಬಳಿ ಅಂತಹ ಕಾರೊಂದಿದೆ. ಅದರ ನೋಂದಣಿಯ ಅವಧಿ ಜೂನಿನಲ್ಲಿ ಮುಗಿಯುವುದಿತ್ತು. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಗಳಿಗೊಮ್ಮೆ ಅದನ್ನು ತಪಾಸಣೆಗೆ ಒಡ್ಡಿ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಅದಕ್ಕಾಗಿ ದಾಂಡೇಲಿಗೆ ಒಯ್ಯಬೇಕು. ಕಾರಿನ ಮೈಯೋ ಬಿರುಕುಗಳ ಜಾಲವಾಗಿತ್ತು. ಮುಂಭಾಗದಲ್ಲಿ ಜೇಡರ ಬಲೆಯಂತಹ ನಕ್ಷತ್ರಾಕಾರದ ಗೆರೆಗಳು. ಬೋಲ್ಟುಗಳ ಸುತ್ತ ಸಣ್ಣ ಸೀಳುಗಳು. ಎಲ್ಲಕ್ಕಿಂತ ಮಿಗಿಲಾಗಿ, ಎಡಬಾಗಿಲಿನ ಮೇಲಿನ ಬಿಜಾಗರಿಯ ಬುಡದಿಂದ ಹೊರಟ ಗೇಣುದ್ದದ ಬಿರುಕು.

ಹಳಿಯಾಳದಿಂದ ಬಂದ ತರುಣ ಪೇಂಟರ್ ಕೆಲಸಗಳ್ಳನಲ್ಲ. ತಗಡಿನ ಕಾರುಗಳಲ್ಲಿ ಅವನ ಕೈ ಪಳಗಿತ್ತು. “ಪುಟ್ಟಿ ತುಂಬಿ ಉಜ್ಜಿದ್ರ ಮೂರು ದಿನದಾಗ ಗಾಡಿ ಕೊಡ್ತೀನ್ರಿ ಮಾಸ್ತರ್ರ, ಒಂದ್ ಗೆರಿನೂ ಕಾಣಂಗಿಲ್ಲ” ಎಂದನು. ಮಾಸ್ತರರಿಗೆ ಆ ಮಾತು ಹಿತವೆನಿಸಿತು. ಮಳೆಗಾಲಕ್ಕೆ ಎರಡೇ ವಾರ ಉಳಿದಿತ್ತು. ಅವರ ಮಡದಿಗೆ ಮೊಣಕಾಲಿನ ಬೇನೆ. ತಿಂಗಳಿಗೆರಡು ಸಲ ಹಳಿಯಾಳದ ವೈದ್ಯರಲ್ಲಿಗೆ ಹೋಗಲು ಆ ಕಾರೇ ಆಧಾರ. ಆದರೆ ಒಳಗಿನಿಂದ ಆಕೆಯೇ ಕೇಳಿದರು: “ತಮ್ಮಾ, ಹ್ವಾದ ತಿಂಗಳ ತಿರುವಿನ್ಯಾಗ ಆ ಬಾಗಲಾ ಜೋತುಬಿದ್ದಿತ್ತು. ನಿನ್ನ ಪುಟ್ಟಿ ಅದನ್ನ ಹಿಡದ ನಿಲ್ಲಸ್ತದನ?” ಪೇಂಟರ್ ಸುಮ್ಮನಾದನು. ನೇರವಾದ ಪ್ರಶ್ನೆಗೆ ಸುಳ್ಳು ಹೇಳದ ಆ ಮೌನ ಮೆಚ್ಚತಕ್ಕದ್ದು.

ಹುಬ್ಬಳ್ಳಿಯಿಂದ, ಫೈಬರ್ ತೊಟ್ಟಿಗಳ ಕೆಲಸದಲ್ಲಿ ತಲೆ ನೆರೆತ ಒಬ್ಬ ಕುಶಲಕರ್ಮಿಯನ್ನು ಕರೆಸಲಾಯಿತು. ಅವನು ಬಣ್ಣದ ಕಡೆ ನೋಡಲೇ ಇಲ್ಲ. ಒಂದು ರೂಪಾಯಿಯ ನಾಣ್ಯದಿಂದ ಮೈಯನ್ನೆಲ್ಲ ತಟ್ಟುತ್ತ ಹೋದನು. ಗಟ್ಟಿಯಿದ್ದೆಡೆ ಸ್ಪಷ್ಟವಾದ ಟಣತ್ಕಾರ. ಒಳಪದರಗಳು ಬಿಟ್ಟುಕೊಂಡಿದ್ದೆಡೆ ಮಂದವಾದ ಸದ್ದು. ಮಂದ ಸದ್ದಿನ ಸುತ್ತ ಸುಣ್ಣದ ಕಡ್ಡಿಯಿಂದ ಗೆರೆ ಎಳೆದನು. ಕಣ್ಣಿಗೆ ಕಂಡ ಬಿರುಕಿಗಿಂತ ಗೆರೆಯೊಳಗಿನ ಜಾಗ ಮೂರು ಪಟ್ಟು ದೊಡ್ಡದಾಗಿತ್ತು. ತಗಡು ಪೆಟ್ಟು ತಿಂದರೆ ತಗ್ಗಾಗಿ ಉಳಿಯುತ್ತದೆ. ಫೈಬರ್ ಹಾಗಲ್ಲ, ಬಗ್ಗಿ ಮರಳಿ ತನ್ನ ಆಕಾರಕ್ಕೆ ಬರುತ್ತದೆ, ಒಳಗಿನ ನಾರು ಮುರಿದಿರುವುದು ಹೊರಗೆ ಕಾಣುವುದಿಲ್ಲ. ಆ ಮುರಿದ ನಾರಿಗೆ ಪುಟ್ಟಿಯಿಂದ ಯಾವ ಬಲವೂ ಸಲ್ಲದು. ಬಾಗಿಲು ಹತ್ತು ಸಲ ತೆರೆದು ಮುಚ್ಚುವಷ್ಟರಲ್ಲಿ ಹೊಸ ಬಣ್ಣದ ಮೇಲೆ ಹಳೆಯ ಗೆರೆಯೇ ಮೂಡುತ್ತದೆ.

ಹಳೆಯ ಬಣ್ಣವನ್ನು ಕಳೆಯಲು ಪೇಂಟರ್ ತನ್ನ ರಾಸಾಯನಿಕ ದ್ರವದ ಡಬ್ಬಿಯನ್ನು ತೆರೆಯುವಷ್ಟರಲ್ಲಿ ಹಿರಿಯನು ತಡೆದನು. ತಗಡಿನ ಮೇಲಿನ ಬಣ್ಣವನ್ನು ಸುಲಿಯುವ ಆ ದ್ರವ ಫೈಬರಿನ ರಾಳವನ್ನೂ ತಿನ್ನುತ್ತದೆ. ಮೊದಲು ಮೇಣ, ಎಣ್ಣೆಯ ಜಿಡ್ಡನ್ನು ತೊಳೆದು, ಬಳಿಕ ಮರಳುಕಾಗದದಿಂದಲೇ ಉಜ್ಜಬೇಕು. ಜಿಡ್ಡಿನ ಮೇಲೆ ಉಜ್ಜಿದರೆ ಅದು ಗೀರುಗಳೊಳಗೆ ಇಳಿದು ಮುಂದಿನ ಪದರ ಅಂಟದಂತೆ ಮಾಡುತ್ತದೆ. ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ, ತೋಳು ಮುಚ್ಚುವ ಅಂಗಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಗಾಜಿನ ಪುಡಿ ಚರ್ಮಕ್ಕೆ ಚುಚ್ಚಿದರೆ ತುರಿಕೆ ದಿನಗಟ್ಟಲೆ ಹೋಗದು. ಉಸಿರಿನೊಡನೆ ಒಳಹೊಕ್ಕರಂತೂ ಹೇಳುವುದೇ ಬೇಡ.

ಬಿರುಕನ್ನು ಮುಚ್ಚುವ ಮೊದಲು ಅಗಲಿಸಬೇಕೆಂಬುದು ಮಾಸ್ತರರಿಗೆ ಸೋಜಿಗವೆನಿಸಿತು. ಗೆರೆ ಪೂರ್ತಿ ಮಾಯವಾಗಿ ಗಟ್ಟಿ ನಾರು ಸಿಗುವವರೆಗೆ ಅರೆಯಬೇಕು. ಅಂಚುಗಳನ್ನು ಇಳಿಜಾರಾಗಿ, ಹಲಗೆಯ ದಪ್ಪದ ಹನ್ನೆರಡು ಪಟ್ಟಿನಷ್ಟು ದೂರ ತೆಳುಗೊಳಿಸಬೇಕು. ದಪ್ಪ 3 ಮಿಲಿಮೀಟರಾದರೆ ಇಳಿಜಾರು ಸುಮಾರು 36 ಮಿಲಿಮೀಟರು. ಹೊಸ ರಾಳ ಹಳೆಯದರೊಡನೆ ಕರಗಿ ಒಂದಾಗುವುದಿಲ್ಲ, ಅಂಟಿಕೊಂಡು ಮಾತ್ರ ನಿಲ್ಲುತ್ತದೆ. ಆದುದರಿಂದ ಅಂಟುವ ಜಾಗ ವಿಶಾಲವಾಗಿದ್ದಷ್ಟೂ ಲೇಸು. ಬಿಜಾಗರಿಯ ಬಳಿ ಒಳಮೈಯನ್ನೂ ಉಜ್ಜಿ, ನಾರಿನ ಚಾಪೆಯ ಮೂರು ತುಂಡುಗಳನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಕತ್ತರಿಸಿಕೊಂಡರು.

ರಾಳವನ್ನು ಕಲಸುವಾಗ ಹಿರಿಯನ ಮುಖ ಗಂಭೀರವಾಯಿತು. ನೇರಳೆ ಬಣ್ಣದ ಕೋಬಾಲ್ಟ್ ದ್ರವವನ್ನು ಮೊದಲು ರಾಳದಲ್ಲಿ ಚೆನ್ನಾಗಿ ಬೆರೆಸಿ, ಅನಂತರವೇ ನೀರಿನಂತಿರುವ ಹಾರ್ಡನರನ್ನು ನೂರಕ್ಕೆ ಒಂದೆರಡು ಪಾಲು ಹಾಕಬೇಕು. ಎರಡು ಸೀಸೆಗಳ ದ್ರವ ನೇರವಾಗಿ ಒಂದಕ್ಕೊಂದು ತಾಗಿದರೆ ಸಿಡಿದು ಬೆಂಕಿ ಹತ್ತುವ ಅಪಾಯವಿದೆ. ಅವನು ಆ ಸೀಸೆಗಳನ್ನು ಅಂಗಳದ ಎರಡು ಮೂಲೆಗಳಲ್ಲಿಟ್ಟು, ಪೇಂಟರನಿಂದ ಮೂರು ಸಲ ಕ್ರಮವನ್ನು ಬಾಯಿಪಾಠ ಹೇಳಿಸಿದನು, ಮಾಸ್ತರರು ಮುಗುಳ್ನಕ್ಕರು. ಕುಂಚವನ್ನು ಎಳೆಯಬಾರದು, ಕುಟ್ಟಬೇಕು. ಎಳೆದರೆ ನಾರು ಸರಿಯುತ್ತದೆ, ಕುಟ್ಟಿದರೆ ಗಾಳಿಯ ಗುಳ್ಳೆ ಹೊರಡುತ್ತದೆ. ಅರ್ಧ ಗಂಟೆಯೊಳಗೆ ಬಟ್ಟಲಿನಲ್ಲಿ ಉಳಿದದ್ದು ಬಿಸಿಯೇರಿ ಗಡ್ಡೆಯಾಯಿತು.

ಮಾಸ್ತರರ ನಿಜವಾದ ಸಂಕಟ ಬಳಿಕ ಆರಂಭವಾಯಿತು. ತೇಪೆ ಕಲ್ಲಿನಂತೆ ಗಟ್ಟಿಯಾಗಿದ್ದರೂ ಹಿರಿಯನು ಬಣ್ಣಕ್ಕೆ ಒಪ್ಪಲಿಲ್ಲ. ಹೊಸ ರಾಳ ವಾರಗಳವರೆಗೆ ಸೂಕ್ಷ್ಮವಾಗಿ ಕುಗ್ಗುತ್ತಿರುತ್ತದೆ. ಆತುರದಲ್ಲಿ ಬಣ್ಣ ಹೊಡೆದರೆ ತೇಪೆಯ ಅಂಚು ಬಿಸಿಲಿನಲ್ಲಿ ಎದ್ದು ಕಾಣುತ್ತದೆ. ಅಷ್ಟರಲ್ಲಿ ಮಳೆಯೂ ಹಿಡಿಯಿತು. ತೇವದ ಗಾಳಿಯಲ್ಲಿ ಇನ್ನುಳಿದ ಬಿರುಕುಗಳ ಕೆಲಸವೂ ಕೂಡದು. ಅವಧಿ ಮೀರಿದರೆ ಪ್ರತಿ ತಿಂಗಳಿಗೂ ಹೆಚ್ಚುವರಿ ಶುಲ್ಕ. ನೋಂದಣಿಯಿಲ್ಲದ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ಮಡದಿ ಬಸ್ಸಿನಲ್ಲಿ ಹೋಗುವೆನೆಂದರು. ಆ ಮಳೆಗಾಲವೆಲ್ಲ ಪತಿಯ ಭುಜವನ್ನು ಹಿಡಿದು ಆಕೆ ಬಸ್ಸಿನ ಎತ್ತರದ ಮೆಟ್ಟಿಲನ್ನು ಹತ್ತಿದರು. ಒಮ್ಮೆಯೂ ದೂರಲಿಲ್ಲ, ದೂರದಿರುವುದೇ ಮಾಸ್ತರರಿಗೆ ಹೆಚ್ಚು ನೋವುಂಟುಮಾಡಿತು.

ದಸರೆಯ ಹೊತ್ತಿಗೆ ಆಕಾಶ ತಿಳಿಯಾಯಿತು. ಈ ಸಲ ಪೇಂಟರ್ ಒಬ್ಬನೇ ಉಳಿದ ಬಿರುಕುಗಳನ್ನು ಅರೆದು ಕಟ್ಟಿದನು. ಹುಬ್ಬಳ್ಳಿಗೆ ಕೇವಲ ಎರಡು ಸಲ ಫೋನು ಮಾಡಿದನಂತೆ. ಆ ತೇಪೆಗಳನ್ನೂ ಮೂರು ವಾರ ಬಿಸಿಲಿಗೆ ಬಿಟ್ಟ ಬಳಿಕವೇ ತೆಳುವಾದ ಪುಟ್ಟಿ, ಪ್ರೈಮರ್, ಬಿಳಿ ಬಣ್ಣ. ಗಾಢ ಬಣ್ಣ ಬಿಸಿಲನ್ನು ಹೀರಿ ಮೈಯನ್ನು ಕಾಯಿಸುವುದರಿಂದ ಮೊದಲಿದ್ದ ಬಿಳಿಯನ್ನೇ ಉಳಿಸಿಕೊಂಡರು. ಹೆಚ್ಚುವರಿ ಶುಲ್ಕ ಸಹಿತ ನವೀಕರಣವಾಯಿತು. ಎಡಬಾಗಿಲು ಈಗ ಒಂದೇ ಬೆರಳಿನಿಂದ ಮುಚ್ಚುತ್ತದೆ. ಮುಂದಿನ ದೀಪದ ಕೆಳಗೆ ಮಾತ್ರ ಕೂದಲೆಳೆಯಂತಹ ಗೆರೆಯೊಂದು ಮತ್ತೆ ಇಣುಕಿದೆ. ಅಲ್ಲಿ ಒಳಮೈಗೆ ಕೈ ಹೋಗಿರಲಿಲ್ಲ. ಬೇಸಿಗೆಯಲ್ಲಿ ದೀಪವನ್ನು ಬಿಚ್ಚಿ ಅದನ್ನೂ ಒಳಗಿನಿಂದಲೇ ಕಟ್ಟಿಕೊಡುವೆನೆಂದು ಪೇಂಟರ್ ತಾನಾಗಿಯೇ ಹೇಳಿಹೋಗಿದ್ದಾನೆ.