ಫಿಲ್ಟರಿನ ತೂತು, ಸವಳು ನೀರು

ಶಹಾಪುರ, 6 ಏಪ್ರಿಲ್ 2025, ಭಾನುವಾರ

ಡಿಕಾಕ್ಷನ್ ಇಳಿಯುವುದು ನಿಂತೇ ಹೋಗಿದೆ. ರಾತ್ರಿ ಹಾಕಿಟ್ಟದ್ದು ಬೆಳಗ್ಗೆ ನೋಡಿದರೆ ಮೇಲಿನ ಪಾತ್ರೆಯಲ್ಲೇ ಕೆಸರಾಗಿ ಕೂತಿತ್ತು. ಕೆಳಗೆ ಎರಡು ಚಮಚವೂ ಇಲ್ಲ. ತೊಳೆದು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನ ಒಂದು ಸುತ್ತು ತೂತುಗಳಲ್ಲಿ ಮಾತ್ರ ಬೆಳಕು, ನಡುವಿನವೆಲ್ಲ ಮುಚ್ಚಿವೆ. ಸೂಜಿಯಿಂದ ಕೆದಕಿದರೆ ಬಿಳಿ ಹರಳು ಬಂತು, ಅದರ ಸುತ್ತ ಕಂದು ಜಿಗುಟು.

ಬಿಳಿಯದು ನೀರಿನ ಪಾಲು, ಕಂದು ಕಾಫಿಯ ಎಣ್ಣೆ ಮತ್ತು ಚಿಕೋರಿಯ ಅಂಟು. ಇಲ್ಲಿನ ಬೋರಿನ ಸವಳು ನೀರನ್ನು ಕುದಿಸಿದರೆ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬನೇಟ್ ಒಡೆದು ಸುಣ್ಣದ ಪುಡಿಯಾಗುತ್ತದೆ. ಆ ಪುಡಿಯ ಸಮೇತ ನೀರನ್ನು ಫಿಲ್ಟರಿಗೆ ಸುರಿಯುತ್ತೇವೆ. ಎಣ್ಣೆ ಅದನ್ನು ತೂತಿನ ಬಾಯಲ್ಲೇ ಹಿಡಿದಿಡುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ.

ಪಕ್ಕದ ಮನೆಯ ಅಕ್ಕ ನೋಡಿ ನಕ್ಕರು. "ಚಹಾ ಕುಡೀರಿ ಮೇಡಂ, ಈ ತೂತಿನ ಜಂಜಾಟ ಯಾಕ್ ಬೇಕ್ರಿ?" ಅವರ ಚಹಾದ ಬೋಗಾಣಿಯ ಒಳಗೂ ಇದೇ ಬಿಳಿ ಪಟ್ಟೆ ಇದೆ. ತೂತಿಲ್ಲ, ಹಾಗಾಗಿ ತಕರಾರಿಲ್ಲ.

ಮೈಸೂರಿನಲ್ಲಿ ಅಮ್ಮ ತೂತಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ತೋರಿಸುತ್ತಿದ್ದಳು. ಜಿಡ್ಡು ಸುಟ್ಟು ಉದುರುತ್ತಿತ್ತು. ಅಲ್ಲಿಗೆ ಅದು ಸಾಕಾಗಿತ್ತು. ಇಲ್ಲಿ ಸಾಲದು: ಸುಣ್ಣದಕಲ್ಲು ಬೇಯಲು 800 ಡಿಗ್ರಿ ದಾಟಿದ ಭಟ್ಟಿಯೇ ಬೇಕು.

ಯಾದಗಿರಿ, 9 ಏಪ್ರಿಲ್, ಬುಧವಾರ

ತಮ್ಮ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದ, ಕಾಫಿಪುಡಿಯೂ ಬಂತು. ಚಿಕೋರಿ ಕಡಿಮೆ ಇರುವುದನ್ನೇ ತಾ ಎಂದಿದ್ದೆ. ಕಾನೂನು ಶೇ. 49ರವರೆಗೆ ಬೆರೆಸಲು ಬಿಡುತ್ತದೆ. ಅಷ್ಟು ಬೆರೆಸಿದ್ದನ್ನು ಕಾಫಿ ಅನ್ನುವುದು ದೊಡ್ಡ ಮನಸ್ಸಿನವರ ಮಾತು. ಸ್ಟೇಷನ್ನಿನ ಹೊರಗೆ ಸುಸಲಾ, ಮಿರ್ಚಿ ತಿಂದೆವು. ಅದರ ಜೊತೆಗೆ ಮಾತ್ರ ಚಹಾವೇ ಸರಿ. ಕಿರಾಣಿ ಅಂಗಡಿಯಲ್ಲಿ ವಾಷಿಂಗ್ ಸೋಡಾ, ನಿಂಬೆ ಉಪ್ಪು ಕೊಂಡೆ.

ಶಹಾಪುರ, 10 ಏಪ್ರಿಲ್, ಗುರುವಾರ

ಸೋಡಾವನ್ನೂ ಹುಳಿಯನ್ನೂ ಒಟ್ಟಿಗೆ ಹಾಕಿದರೆ ನೊರೆ ಜೋರಾಗಿ ಬರುತ್ತದೆ, ನೋಡಲು ಚೆಂದ. ಒಂದು ಇನ್ನೊಂದರ ಶಕ್ತಿಯನ್ನು ತಿಂದುಹಾಕುವುದರಿಂದ ಕೆಲಸ ಮಾತ್ರ ಆಗುವುದಿಲ್ಲ. ಸರದಿ ಮುಖ್ಯ. ಮೊದಲು ಬಿಸಿನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ, ಸ್ಟೀಲಿನ ಪಾತ್ರೆಯಲ್ಲಿ ಫಿಲ್ಟರನ್ನು ಮುಳುಗಿಸಿಟ್ಟೆ. ಅಲ್ಯೂಮಿನಿಯಂ ಪಾತ್ರೆ ಕೂಡದು, ಸೋಡಾ ಅದನ್ನು ಕೊರೆಯುತ್ತದೆ. ಅರ್ಧ ಗಂಟೆಯಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿತು. ಜಿಡ್ಡಿನ ಪದರ ಹೋದ ಮೇಲೆ ಚೆನ್ನಾಗಿ ತೊಳೆದು, ಒಂದು ಲೀಟರ್ ಬಿಸಿನೀರಿಗೆ ದೊಡ್ಡ ಚಮಚ ನಿಂಬೆ ಉಪ್ಪು ಕರಗಿಸಿ ಅದರಲ್ಲಿಟ್ಟೆ. ತೂತು ತೂತಿನಿಂದಲೂ ಸಣ್ಣ ಗುಳ್ಳೆಗಳ ಸರ ಮೇಲೆದ್ದಿತು. ಗುಳ್ಳೆ ನಿಂತಾಗ ಬ್ರಷ್ಷಿನಿಂದ ಉಜ್ಜಿದೆ. ಬೆಳಕಿಗೆ ಹಿಡಿದರೆ ಎಲ್ಲ ತೂತೂ ತೆರೆದಿವೆ.

ಈ ಕೆಲಸವನ್ನು ಸಿಂಕಿನಲ್ಲೇ ಮಾಡಬೇಕು. ಮನೆಯ ನೆಲ ಶಹಾಬಾದ್ ಕಲ್ಲಿನದು, ಅದೂ ಸುಣ್ಣದಕಲ್ಲೇ. ಹುಳಿನೀರು ಚೆಲ್ಲಿದಲ್ಲಿ ಹೊಳಪು ಹೋಗಿ ಕಲೆ ಉಳಿಯುತ್ತದೆ. ಈ ಕಲ್ಲಿನ ಪದರಗಳು ಕಲಬುರಗಿಯ ಕಡೆಯಿಂದ ನಮ್ಮ ತಾಲ್ಲೂಕಿನ ಗೋಗಿಯವರೆಗೂ ನೆಲದಡಿ ಹಬ್ಬಿವೆ. ಕಾಲಡಿಯ ಕಲ್ಲೂ ಫಿಲ್ಟರಿನ ಹರಳೂ ಒಂದೇ ಕ್ಯಾಲ್ಸಿಯಂ ಕಾರ್ಬನೇಟ್.

ಸುರಪುರ, 13 ಏಪ್ರಿಲ್, ಭಾನುವಾರ

ಗೆಳತಿಯ ಮನೆ. ಮಗ ಹೊರದೇಶದಿಂದ ತಂದ ಕರೆಂಟಿನ ಕಾಫಿ ಯಂತ್ರ ಗೊರಗೊರ ಸದ್ದು ಮಾಡುತ್ತದೆ, ಹನಿ ಮಾತ್ರ ಬೀಳುತ್ತಿಲ್ಲ. ಅದರ ಟ್ಯಾಂಕಿಗೆ ಬರೀ ನೀರು ಹೋಗುವುದರಿಂದ ಅಲ್ಲಿ ಎಣ್ಣೆಯಿಲ್ಲ, ಸೋಡಾ ಬೇಡ. ನಿಂಬೆ ಉಪ್ಪಿನ ನೀರು ತುಂಬಿ, ಅರ್ಧ ಇಳಿದಾಗ ಆರಿಸಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನೂ ಇಳಿಸಿದೆವು. ಜಗ್ಗಿಗೆ ಬಿಳಿ ಪುಡಿ ಬಂತು. ಆಮೇಲೆ ಎರಡು ಸಲ ಬರೀ ನೀರು. ಜಗ್ಗು, ಜರಡಿಗೆ ಸಾಬೂನು ಸಾಕು. ವಿನೆಗರ್ ಹಾಕೋಣ ಅಂದಳು. ಬೇಡ ಅಂದೆ, ವಾಸನೆ ಸುಲಭಕ್ಕೆ ಹೋಗುವುದಿಲ್ಲ.

ಅವಳ ಮನೆಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ಬರುತ್ತದೆ. ಕುಡಿಯಲು ಅದು, ಯಂತ್ರಕ್ಕೆ ನಲ್ಲಿಯದು! ಇನ್ನು ಎರಡಕ್ಕೂ ಕ್ಯಾನ್ ನೀರೇ ಎಂದು ಒಪ್ಪಿಸಿ ಬಂದೆ. ನಮ್ಮ ಮನೆಯಲ್ಲೂ ಕಾಫಿಗೆ ಬೋರಿನ ನೀರು ಬಂದ್.