ಸೋಮನಹಳ್ಳಿಯಿಂದ ನಾಲೆ ಏರಿಯ ಮೇಲೆ

ಬೆಳಗಿನ ಆರೂಕಾಲು. ಜನವರಿಯ ಮಂಜು ಸೋಮನಹಳ್ಳಿಯ ತೆಂಗಿನ ತೋಟಗಳನ್ನು ಇನ್ನೂ ಬಿಟ್ಟಿಲ್ಲ. ಸರ್ವಿಸ್ ರಸ್ತೆಯ ಟೀ ಅಂಗಡಿಯ ಗೋಡೆಗೆ ಐದು ಸೈಕಲ್‌ ಒರಗಿವೆ. ಗಾಜಿನ ಲೋಟದ ಬಿಸಿಗೆ ನಿಮ್ಮ ಬೆರಳುಗಳ ಜೋಮು ಬಿಡುತ್ತಿದೆ. ಬೇಲಿಯಾಚೆ ಆರು ಪಥದ ಹೆದ್ದಾರಿಯಲ್ಲಿ ಕಾರುಗಳು ಮೈಸೂರಿನತ್ತ ಸುಯ್ಯೆನ್ನುತ್ತವೆ. 2023ರ ಆಗಸ್ಟ್ 1ರಿಂದ ಆ ಪಥಗಳ ಮೇಲೆ ಬೈಕು, ಆಟೊ, ಟ್ರ್ಯಾಕ್ಟರಿಗೆ ಇಲ್ಲದ ಪ್ರವೇಶ ಸೈಕಲ್ಲಿಗೂ ಇಲ್ಲ. ಬೇಸರ ಬೇಡ. ಸೈಕಲ್ ತುಳಿಯುವವರಿಗೆ ಬೇಕಾದ ಮದ್ದೂರು ಸೀಮೆ ಸಿಗುವುದು ಹೆದ್ದಾರಿ ಬಿಟ್ಟ ಮೇಲೆಯೇ.

ಸೋಮನಹಳ್ಳಿ ಮಾಜಿ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರ ಹುಟ್ಟೂರು. 2024ರ ಡಿಸೆಂಬರಿನಲ್ಲಿ ಅವರ ಅಂತ್ಯಸಂಸ್ಕಾರ ನಡೆದದ್ದೂ ಈ ಮಣ್ಣಿನಲ್ಲೇ. ಟೀ ಅಂಗಡಿಯ ಬೆಂಚಿನ ಮೇಲೆ ಕೂತ ಹಿರಿಯರೊಬ್ಬರು ನಿಮ್ಮ ದಪ್ಪ ಟೈರುಗಳನ್ನು ಒಂದೊಂದಾಗಿ ಅದುಮಿ ನೋಡಿ, “ಎಲ್ಗೆ ಹೊಂಟ್ರಿ?” ಅನ್ನುತ್ತಾರೆ. ಇಂದು ಕೊಕ್ಕರೆ ಬೆಳ್ಳೂರು, ನಾಳೆ ನಾಲೆ ಏರಿ ಎನ್ನುತ್ತೀರಿ. “ಏರಿ ಮ್ಯಾಲೆ ಆದ್ರೆ ಎಷ್ಟ್ ದೂರ ಹೋದ್ರೂವೆ ದಿಣ್ಣೆ ಸಿಗಾಕಿಲ್ಲ ಕನಣ್ಣ.”

ಸುಲಭದ ದೂರದಾರಿ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಮಾತು ಯಾರೂ ಹೇಳಿಕೊಡಲಾರರು.

ಹೊರಟಿರಿ. ಗುಂಪಿನಲ್ಲಿ ಅತಿ ನಿಧಾನದವರು ಮುಂದೆ, ಪಂಪು ಪಂಕ್ಚರ್ ಸಾಮಾನು ಇರುವವರು ಕೊನೆಗೆ. ಬೆಂಗಳೂರಿನ ದಿಕ್ಕಿಗೆ ಸರ್ವಿಸ್ ರಸ್ತೆಯಲ್ಲೇ ರುದ್ರಾಕ್ಷಿಪುರದವರೆಗೆ ಹೋಗಿ, ಅಲ್ಲಿ ದಕ್ಷಿಣಕ್ಕೆ ತಿರುಗಿದರೆ ಕೊಕ್ಕರೆ ಬೆಳ್ಳೂರಿಗೆ ಸುಮಾರು 12 ಕಿಲೋಮೀಟರ್. ಡಾಂಬರು ರಸ್ತೆ ಇದ್ದರೂ, ಗದ್ದೆಗಳ ನಡುವೆ ಬಂಡಿದಾರಿ ಸಿಕ್ಕಲ್ಲೆಲ್ಲ ಅದಕ್ಕೆ ಇಳಿಯಿರಿ. ಕೆಂಪು ಮಣ್ಣು ಒಣಗಿದಾಗ ಟೈರಿಗೆ ಒಳ್ಳೆಯದು. ಗಾಳಿ ಸ್ವಲ್ಪ ಇಳಿಸಿದರೆ ಕೈ ನಡುಗುವುದಿಲ್ಲ. ಕಬ್ಬಿನ ಟ್ರ್ಯಾಕ್ಟರು ಓಡಾಡಿದ ದಾರಿ ಮಾತ್ರ ಬೇಡ. ಗಟ್ಟಿಯಾದ ಗಾಲಿಹಳ್ಳಕ್ಕೆ ಮುಂಚಕ್ರ ಸಿಕ್ಕರೆ ಹ್ಯಾಂಡಲ್ ನಿಮ್ಮ ಮಾತು ಕೇಳುವುದಿಲ್ಲ.

ಒಂದು ಊರಿನ ಮುಂದೆ ರಸ್ತೆಯ ಉದ್ದಕ್ಕೂ ಹುರುಳಿ ಹರಡಿದ್ದಾರೆ. ಕಾರು, ಬಸ್ಸು ಅದರ ಮೇಲೆ ಹಾದು ಒಕ್ಕಣೆ ಆಗುತ್ತದೆ. ಇಳಿದು, ಸೈಕಲ್ಲನ್ನು ಎತ್ತಿ ನಡೆಯಿರಿ. ಸವಾರಿ ಮಾಡಿಯೇ ದಾಟುತ್ತೇನೆಂದು ಹೋದ ಗೆಳೆಯನ ಹಿಂಚಕ್ರ ಈಗ ನಿಂತುಬಿಟ್ಟಿದೆ: ಒಣಗಿದ ಬಳ್ಳಿ ಚೈನಿಗೆ ಸುತ್ತಿ, ಗೇರಿನ ಪುಟ್ಟ ಹಲ್ಲುಗಾಲಿಗಳ ಸಂದಿಗೆ ನುಗ್ಗಿ, ದಾರದ ಉಂಡೆಯಂತೆ ಬಿಗಿದಿದೆ. ಮೊರ ಹಿಡಿದಿದ್ದ ಅಮ್ಮ ಬಂದು ಕುಕ್ಕರಗಾಲಲ್ಲಿ ಕೂತು, ಎಳೆ ಎಳೆಯಾಗಿ ಬಿಡಿಸಿಕೊಡುತ್ತಾರೆ.

ಬೆಳ್ಳೂರಿನ ಹತ್ತಿರ ಬರುತ್ತಿದ್ದಂತೆ ಮೊದಲು ವಾಸನೆ, ಆಮೇಲೆ ಕೊಕ್ಕು ಬಡಿಯುವ ಸದ್ದು. ತಲೆ ಎತ್ತಿದರೆ ಬೀದಿಯ ಹುಣಸೆ, ಅರಳಿ, ಆಲದ ಮರಗಳ ತುಂಬ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ. ಒಂದು ಕೊಕ್ಕರೆ ತನ್ನ ಕಾಲಿನಷ್ಟುದ್ದದ ಕಡ್ಡಿ ಕಚ್ಚಿ ತಂದು, ಗೂಡಿನ ಅಂಚಿಗೆ ಸೇರಿಸಿ, ಸರಿಬರದೆ ಕಿತ್ತು, ಮತ್ತೆ ಇನ್ನೊಂದು ಮಗ್ಗುಲಿಗೆ ಇಡುತ್ತದೆ. ಕೆಳಗಿನ ಹೆಂಚುಗಳ ಮೇಲೆಲ್ಲ ಬಿಳಿ ಹಿಕ್ಕೆ. ಆದರೂ ಊರವರು ಒಂದು ಕಲ್ಲೂ ಎಸೆಯುವುದಿಲ್ಲ. ಗೂಡು ಕಟ್ಟಿದ ಹುಣಸೆಮರದ ಫಸಲು ಕೈಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಊರಿನ ಹೆಜ್ಜಾರ್ಲೆ ಬಳಗ ಮರದಿಂದ ಬಿದ್ದ ಮರಿಗಳನ್ನು ಸಾಕಿದೆ. 2007ರಲ್ಲಿ ಈ ಜಾಗ ಸಮುದಾಯ ಸಂರಕ್ಷಿತ ಪ್ರದೇಶವಾಯಿತು. ಗಂಟೆ ಬಾರಿಸಬೇಡಿ, ಸ್ಪೀಕರ್ ಹಾಕಬೇಡಿ. ಇಲ್ಲಿ ನೀವು ನೆಂಟರು.

ಬಿಸಿಲೇರುವ ಮೊದಲೇ ಹಳ್ಳಿ ಹಳ್ಳಿ ದಾಟಿ ಮದ್ದೂರಿಗೆ ಬನ್ನಿ. ರೈಲು ನಿಲ್ದಾಣದಲ್ಲಿ 1917ರಲ್ಲಿ ರಾಮಚಂದ್ರ ಬುಧ್ಯ ಅವರು ಕರಿದುಕೊಟ್ಟರೆಂದು ಊರು ಹೇಳುವ ವಡೆ, ಮೇಲೊಂದು ಎಳನೀರು. ಅಂದಿಗೆ ಅಷ್ಟು ಸಾಕು.

ಮರುದಿನ, ಭಾನುವಾರ, ನಾಲೆ. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗ ಹಾದು ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಕವಲೊಡೆಯುತ್ತದೆ. ನೀರು ಗುಡ್ಡ ಹತ್ತುವುದಿಲ್ಲ, ಧುಮುಕುವುದೂ ಇರಬಾರದು. ಅದಕ್ಕೇ ಅದರ ದಾರಿ ದಿಣ್ಣೆಗಳ ಸೊಂಟ ಬಳಸಿ, ಸುತ್ತಿ ಸುತ್ತಿ ಹೋಗುತ್ತದೆ. ನೇರ ರಸ್ತೆಯಲ್ಲಿ ಬೇಗ ಮುಗಿಯುವ ದೂರ ಏರಿಯ ಮೇಲೆ ಬಹಳ ಉದ್ದವಾಗುತ್ತದೆ. ಆದರೆ ತೊಡೆಗೆ ಅದರ ಭಾರ ತಾಕುವುದಿಲ್ಲ. ಸೈಕಲ್ಲಿಗೆ ಹೊಸಬರಾದ ಅಕ್ಕ ಮಾತಾಡಿಕೊಂಡೇ ತುಳಿಯುತ್ತಿದ್ದಾರೆ, ಅದೇ ಗುರುತು. ಎಡಕ್ಕೆ ನೀರು, ಬಲಕ್ಕೆ ಭತ್ತದ ಸಸಿಮಡಿ, ಎಲ್ಲಿಂದಲೋ ಆಲೆಮನೆಯ ಬೆಲ್ಲದ ಘಮ.

ಎಲ್ಲ ಏರಿಯೂ ಹೀಗಿರುವುದಿಲ್ಲ. ಕೆಲವೆಡೆ ಜಾಲಿ ಬೆಳೆದಿದೆ, ಕೆಲವೆಡೆ ಏರಿ ಕುಸಿದಿದೆ. ಇದನ್ನು ಬಲ್ಲವರು ಗದ್ದೆಗಳಿಗೆ ನೀರು ಹಾಯಿಸುವ ನೀರುಗಂಟಿಗಳು. ಸರದಿಯ ಕಟ್ಟು ಪದ್ಧತಿಯಲ್ಲಿ ನೀರು ಯಾವತ್ತು ಬಿಡುತ್ತಾರೆ, ಯಾವ ತೂಬಿನ ಬಳಿ ಕೆಸರಿದೆ, ಎಲ್ಲಿ ಊರಿಗೆ ಇಳಿಯಬಹುದು ಎಂಬುದನ್ನೆಲ್ಲ ಅವರು ಬಾಯಲ್ಲೇ ಹೇಳುತ್ತಾರೆ. ಫೋನಿನ ನಕ್ಷೆಗಿಂತ ಮೊದಲು ಅವರನ್ನು ಕೇಳಿ. ನಾಲೆಯೆಂದರೆ ಹುಡುಗಾಟವೂ ಅಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಇದೇ ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಬಹುಪಾಲು ಏರಿಗಳಿಗೆ ತಡೆಗೋಡೆಯಿಲ್ಲ. ಒಬ್ಬರ ಹಿಂದೆ ಒಬ್ಬರು, ನೀರಿನ ಅಂಚಿನಿಂದ ದೂರದ ಗಾಲಿದಾರಿಯಲ್ಲೇ ಹೋಗಿ. ಮಳೆ ಬಿದ್ದ ಮರುದಿನ ಏರಿ ಹತ್ತಲೇಬೇಡಿ. ಎದುರಿಗೆ ಎತ್ತಿನಗಾಡಿ ಬಂದರೆ ಇಳಿದು ದಾರಿ ಬಿಡಿ.

ಗೆಳೆಯರ ಜೊತೆ ಹೊರಡುವವರಿಗೆ ನನ್ನ ಮನವಿ ಇಷ್ಟೇ: ದಾರಿ ಗೊತ್ತು ಮಾಡುವಾಗ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನಕ್ಕೆ ತುಳಿಯುವವರನ್ನು ಮೊದಲು ಕೇಳಿ, ಅವರು ಒಪ್ಪಿದ ದೂರವನ್ನೇ ಇಟ್ಟುಕೊಳ್ಳಿ. ಇನ್ನು ಮಾರ್ಚ್ ಮುಗಿಯುವುದರೊಳಗೆ ಬನ್ನಿ. ಆಮೇಲೆ ಬಿಸಿಲು ತಡೆಯುವುದಿಲ್ಲ.